ನಮ್ಮ ಬೀದಿಗೆ ಯಾವ ಅಂಗಡಿ ಬೇಕು?

ಮೈಸೂರಿನ ರಿಂಗ್ ರೋಡಿಗೆ ಹತ್ತಿರದ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಮೂಲೆ ಸೈಟು. ಮನೆ ಕಟ್ಟಿಸುವಾಗಲೇ ನಮ್ಮ ಮಾವ ರಸ್ತೆ ಕಡೆಗೆ ಎರಡು ಮಳಿಗೆ ಬಿಡಿಸಿದ್ದರು. ಒಂದೊಂದೂ 10 ಅಡಿ ಅಗಲ, 14 ಅಡಿ ಉದ್ದ. ಮಾವ ಈಗಿಲ್ಲ. ಆ ಬಾಡಿಗೆಯೇ ಅತ್ತೆಯ ಕೈಖರ್ಚಿಗೆ, ಮಾತ್ರೆಗೆ. ಒಂದರಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಎಲ್ಲರೂ ಮನೆಯಲ್ಲೇ ಕೂತು ರೀಚಾರ್ಜ್ ಮಾಡಿಕೊಳ್ಳಲು ಶುರು ಮಾಡಿದ ಮೇಲೆ ಅವರು ಕವರ್, ಇಯರ್‌ಫೋನ್ ಮಾರಿಕೊಂಡು ಸ್ವಲ್ಪ ಕಾಲ ಎಳೆದರು, ಆಮೇಲೆ ಬಿಟ್ಟರು. ಇನ್ನೊಂದು ಸೈಟು ಮಾರಿಸುವವರ ಆಫೀಸಾಗಿತ್ತು. ಅದೂ ಖಾಲಿಯಾಯಿತು. ಶಟರ್ ಮೇಲೆ ‘ಬಾಡಿಗೆಗೆ ಇದೆ’ ಅಂತ ಅಂಟಿಸಿದ್ದೇ ತಡ, ಬಂದವರೆಲ್ಲ ಸಲಹೆ ಕೊಡುವವರೇ.

‘ಬೇಕರಿಯವ್ರಿಗೆ ಕೊಡಿ ಅಕ್ಕ, ಎಲ್ಲಿದ್ರೂ ಓಡುತ್ತೆ.’ ‘ಮೆಡಿಕಲ್ ಸ್ಟೋರ್ ಹಾಕ್ಸಿ, ಬಾಡಿಗೆ ನಿಯತ್ತಾಗಿ ಬರುತ್ತೆ.’ ‘ಚಾಟ್ಸ್ ಇಡ್ಸಿ, ಸಂಜೆ ನಾಲ್ಕು ಗಂಟೆ ವ್ಯಾಪಾರ ಸಾಕು.’ ಬ್ರೋಕರ್ ಒಬ್ಬರು ಬಂದು, ವೈನ್ ಸ್ಟೋರಿನವರು ಎರಡು ಪಟ್ಟು ಬಾಡಿಗೆ ಕೊಡಲು ರೆಡಿ ಇದ್ದಾರೆ ಅಂದರು. ಅತ್ತೆ ಒಳಗಿನಿಂದಲೇ ಹೇಳಿದರು: ‘ಶಾಲೆ ಮಕ್ಕಳು ವ್ಯಾನಿಗೆ ನಿಲ್ಲೋ ಜಾಗ ಇದು. ಆ ಮಾತು ಇಲ್ಲಿಗೇ ಬಿಟ್ಬಿಡಿ.’ ಅಲ್ಲಿಗೆ ಅದು ಮುಗಿಯಿತು.

ಇವರೆಲ್ಲ ಉತ್ತರ ಹೇಳುತ್ತಿದ್ದದ್ದು ಒಂದೇ ಪ್ರಶ್ನೆಗೆ: ಯಾವ ಅಂಗಡಿ ಓಡುತ್ತೆ? ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇನ್ನೊಂದು. ಯಾವುದು ಇಲ್ಲ ಅಂತ ನಮ್ಮ ಬೀದಿಯ ಜನ ಪರದಾಡುತ್ತಿದ್ದಾರೆ? ಎರಡೂ ಒಂದೇ ಅಲ್ವಾ ಅನ್ನಿಸಬಹುದು. ನಮ್ಮ ಮುಖ್ಯರಸ್ತೆಯಲ್ಲಿ ಆಗಲೇ ಮೂರು ಬೇಕರಿ ಇವೆ. ಮೂರೂ ಓಡುತ್ತಿವೆ. ನಾಲ್ಕನೆಯದು ಬಂದರೆ ಅದೂ ಓಡಬಹುದು. ಆದರೆ ನಿನ್ನೆ ತನಕ ಇಲ್ಲದ ಯಾವ ಅನುಕೂಲ ಬೀದಿಗೆ ಸಿಕ್ಕಿತು?

ಬೇಕರಿ ಮೇಲೆ ನನಗೆ ಕೋಪ ಏನಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಹಾಸನ ಕಡೆಯ ಅಯ್ಯಂಗಾರ್ ಕುಟುಂಬದಿಂದ ಹಿಡಿದು ಇವತ್ತಿನ ತನಕ, ಎಷ್ಟೋ ಊರಿನ ಹುಡುಗರಿಗೆ ಅನ್ನ ಕೊಟ್ಟ ಕಸುಬು ಅದು. ಖಾರಾ ಬನ್, ಬೆಣ್ಣೆ ಬಿಸ್ಕತ್ತು ನನಗೂ ಇಷ್ಟ. ಆದರೆ ಮೂರು ಬೇಕರಿಯೂ ಬಸ್ ಸ್ಟಾಪಿನ ಹತ್ತಿರವೇ ಒಂದರ ಪಕ್ಕ ಒಂದು ಯಾಕಿವೆ? ಹೆರಾಲ್ಡ್ ಹೋಟೆಲಿಂಗ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು 1929ರಲ್ಲೇ ಇದಕ್ಕೆ ಲೆಕ್ಕ ಹಾಕಿ ಕಾರಣ ತೋರಿಸಿದ್ದರು. ಒಂದು ಬೀದಿಯಲ್ಲಿ ಇಬ್ಬರು ವ್ಯಾಪಾರಿಗಳಿದ್ದರೆ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯಲು ಹೋಗಿ ಹೋಗಿ ಕೊನೆಗೆ ಇಬ್ಬರೂ ಬೀದಿಯ ಮಧ್ಯಭಾಗದಲ್ಲಿ ಅಕ್ಕಪಕ್ಕ ಬಂದು ನಿಲ್ಲುತ್ತಾರೆ ಅಂತ. ವ್ಯಾಪಾರಿಗೆ ಅದು ಸರಿ. ಬೀದಿಯ ಕೊನೆಯಲ್ಲಿ ಇರುವವರು ಮಾತ್ರ ಅಷ್ಟು ದೂರವೂ ನಡೆಯಬೇಕು. ಸ್ಕೂಟರ್ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ಮಂಡಿನೋವಿನವರಿಗೆ ಗೊತ್ತಾಗುತ್ತದೆ.

ಹಾಗಾಗಿ ನಾನು ಅಕ್ಕಪಕ್ಕದವರನ್ನು ಕೇಳಲು ಶುರು ಮಾಡಿದೆ. ಕೇಳಿದರೆ ಜನ ಹೇಳುವುದೇ ಬೇರೆ. ‘ಒಳ್ಳೆ ಎ.ಸಿ. ಸೂಪರ್ ಮಾರ್ಕೆಟ್ ಬರ್ಲಿ ರೀ’ ಅಂತ ಒಬ್ಬರು. ‘ಕೂತ್ಕೊಂಡು ಕಾಫಿ ಕುಡಿಯೋ ತರದ್ದು’ ಅಂತ ಇನ್ನೊಬ್ಬರು. 140 ಚದರ ಅಡಿಯಲ್ಲಿ ಸೂಪರ್ ಮಾರ್ಕೆಟ್ ಎಲ್ಲಿಂದ ಬರಬೇಕು? ತಪ್ಪು ಅವರದಲ್ಲ. ಏನು ಬೇಕು ಅಂತ ಸುಮ್ನೆ ಕೇಳಿದರೆ ಯಾರಾದರೂ ಆಸೆಯನ್ನೇ ಹೇಳುತ್ತಾರೆ. ದಿನಾ ಪಡುವ ಕಷ್ಟ ಅಭ್ಯಾಸವಾಗಿ ಹೋಗಿರುತ್ತದೆ, ಅದು ಬಾಯಿಗೆ ಬರುವುದಿಲ್ಲ.

ಅದಕ್ಕೇ ಕೇಳುವುದು ಬಿಟ್ಟು ನೋಡಲು ಕೂತೆ. ಬೆಳಿಗ್ಗೆ ಗೇಟಿನ ಹತ್ತಿರ, ಸಂಜೆ ಮಾಳಿಗೆ ಮೇಲೆ. ಬೀದಿಯಿಂದ ಆಚೆ ಹೋಗುವವರ ಕೈಯಲ್ಲಿ ಏನಿದೆ ಅಂತ ನೋಡುವುದು, ಅಷ್ಟೇ. ಅಂಗಡಿಯಿಂದ ಏನು ತರುತ್ತಾರೆ ಅನ್ನುವುದಕ್ಕಿಂತ ಮನೆಯಿಂದ ಏನು ಹೊತ್ತುಕೊಂಡು ಹೋಗುತ್ತಾರೆ ಅನ್ನುವುದು ಜಾಸ್ತಿ ವಿಷಯ ಹೇಳುತ್ತದೆ. ಕಪ್ಪು ಕವರಿನಲ್ಲಿ ಮಿಕ್ಸಿ. ಫಾಲ್ ಹಾಕಿಸಬೇಕಾದ ಸೀರೆ. ಜಿಪ್ ಕಿತ್ತುಹೋದ ಸ್ಕೂಲ್ ಬ್ಯಾಗು. ಮತ್ತೆ, ಬಹಳ ಸಲ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಸ್ಟೀಲ್ ಡಬ್ಬ. ಡಬ್ಬದಲ್ಲಿ ರಾಗಿ, ಇಲ್ಲವೇ ಗೋಧಿ.

ಹಿಟ್ಟು ಮಾಡಿಸಲು ನಮ್ಮವರು ಹೋಗುವುದು ಕುವೆಂಪುನಗರದ ಕಡೆಗೆ. ಹೋಗಿ ಬರಲು, ಸರದಿ ಕಾಯಲು ಅರ್ಧ ದಿನ. ಸ್ಕೂಟರ್ ಇರುವ ಮನೆಗೆ ಅದೊಂದು ಭಾನುವಾರದ ಕೆಲಸ. ಇಲ್ಲದವರ ಪಾಡು? ಹಿಂದಿನ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಮಗ ಬೆಂಗಳೂರಿನಲ್ಲಿ. ಮುದ್ದೆ ಇಲ್ಲದೆ ಅವರಿಗೆ ಊಟ ಆಗುವುದಿಲ್ಲ. ಅವರು ನನಗೆ ಹೇಳಿದ್ದು: ‘ರಾಗಿ ಐತೆ ಕಣವ್ವ, ರೇಷನ್‌ದೂ ಐತೆ, ಊರಿಂದು ಬಂದಿದ್ದೂ ಐತೆ. ಬೀಸಿಸ್ಕೊಂಡ್ ಬರೋರಿಲ್ಲ. ಅದ್ಕೇ ಪಾಕಿಟ್ ಹಿಟ್ಟು ತರೋದು. ಅದು ಮುದ್ದೆ ಆಯ್ತದೆ, ಗಮಲು ಬರಲ್ಲ.’ ಮನೆಯಲ್ಲಿ ಮೂಟೆ ರಾಗಿ ಇಟ್ಟುಕೊಂಡು ಅಂಗಡಿ ಹಿಟ್ಟು ಕೊಳ್ಳುವುದು! ನಮ್ಮ ಕಡೆ ಜಿಲ್ಲೆಗಳಲ್ಲಿ ಪಡಿತರದಲ್ಲಿ ಅಕ್ಕಿ ಜೊತೆ ರಾಗಿಯನ್ನೂ ಕೊಡುತ್ತಾರೆ, ಉತ್ತರದ ಕಡೆ ಜೋಳ. ಆದರೆ ಕಾಳು ಕೈಗೆ ಬಂದ ಮಾತ್ರಕ್ಕೆ ಊಟ ಆಗುವುದಿಲ್ಲವಲ್ಲ. ನಡುವೆ ಒಂದು ಮಿಲ್ ಬೇಕು.

ಮನೆಗೆಲಸಕ್ಕೆ ಬರುವ ಹೆಂಗಸರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಎದುರು ಮನೆಯ ಬಾಣಂತಿಯ ತಾಯಿ ಇನ್ನೊಂದು ಹೇಳಿದರು. ಮಗುವಿನ ಸರಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಇಟ್ಟಿದ್ದಾರೆ. ಎಲ್ಲೋ ಖಾರದ ಪುಡಿ ಬೀಸಿದ ಮಿಷಿನ್ನಿಗೆ ಅದನ್ನು ಹಾಕಿಸಲು ಮನಸ್ಸಿಲ್ಲ. ಕೊನೆಗೆ ಮಿಕ್ಸಿಯಲ್ಲಿ ತಿರುವಿ ಬಟ್ಟೆಯಲ್ಲಿ ಸೋಸುತ್ತಿದ್ದಾರೆ, ಕೈ ಬಿದ್ದುಹೋಗುವಷ್ಟು ಹೊತ್ತು.

ಈಗ ಹತ್ತು ನಿಮಿಷಕ್ಕೆ ಸಾಮಾನು ತಂದುಕೊಡುವ ಆಪ್‌ಗಳ ಕಾಲ. ಸೋಪು, ಬಿಸ್ಕತ್ತು, ನೂಡಲ್ಸ್ ಎಲ್ಲ ಬಾಗಿಲಿಗೆ ಬರುತ್ತದೆ. ದಿನಸಿ ಅಂಗಡಿ ಹಾಕಬೇಕು ಅಂತ ಬಂದಿದ್ದ ಹುಡುಗನ ಜೊತೆ ಕೂತು ನಾವು ಲೆಕ್ಕ ಹಾಕಿದೆವು. ಬಾಡಿಗೆ ತಿಂಗಳಿಗೆ 10,000 ಅಂದರೆ ದಿನಕ್ಕೆ 333 ರೂಪಾಯಿ. ಪ್ಯಾಕೆಟ್ ಸಾಮಾನಿನಲ್ಲಿ ನೂರಕ್ಕೆ ಹತ್ತು ಉಳಿದರೆ ಪುಣ್ಯ. ಅಲ್ಲಿಗೆ ಬಾಡಿಗೆ ಹುಟ್ಟಿಸುವುದಕ್ಕೇ ದಿನಾ 3,300ಕ್ಕೂ ಜಾಸ್ತಿ ವ್ಯಾಪಾರ ಆಗಬೇಕು. ಕರೆಂಟು, ಫ್ರಿಜ್ಜು, ಅವನ ಊಟ ಎಲ್ಲ ಆಮೇಲೆ. ಹಾಲಿನಲ್ಲಂತೂ ಉಳಿಯುವುದು ಲೀಟರಿಗೆ ಪುಡಿಗಾಸು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಇಡುವುದು ಜನ ಅಂಗಡಿಗೆ ಬರಲಿ ಅಂತ, ಲಾಭಕ್ಕಲ್ಲ.

ಜಿ.ಎಸ್.ಟಿ. ಲೆಕ್ಕವನ್ನೂ ನೋಡಿದೆವು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ರಾಜ್ಯದಲ್ಲೆಲ್ಲ ಗದ್ದಲ ಆಗಿತ್ತು. ಕೆಲವು ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬರೆದು ಹಾಕಿದ್ದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಕೇಳಲು ದೊಡ್ಡ ಮೊತ್ತ. ಭಾಗಿಸಿ ನೋಡಿ, ದಿನಕ್ಕೆ ಸುಮಾರು 11,000. ಅದರಲ್ಲಿ ನೂರಕ್ಕೆ ಹತ್ತು ಅಂದರೆ 1,100 ರೂಪಾಯಿ. ಅದರಲ್ಲೇ ಬಾಡಿಗೆ, ಅದರಲ್ಲೇ ಸಂಸಾರ. ಹುಡುಗ ಜಾಣ, ಪೆನ್ನು ಕೆಳಗಿಟ್ಟು ‘ಬೇಡ ಬಿಡಿ ಅಕ್ಕ’ ಅಂದ. ಬೇರೆ ಕಡೆ ಅವನಿಗೆ ಒಳ್ಳೆಯದಾಗಲಿ.

ಮೆಡಿಕಲ್ ಸ್ಟೋರನ್ನೂ ಬಿಟ್ಟೆವು. ಔಷಧಿ ಅಂಗಡಿಗೆ ಕಡಿಮೆ ಅಂದರೂ 10 ಚದರ ಮೀಟರ್ ಜಾಗ ಬೇಕು, ನೋಂದಾಯಿತ ಫಾರ್ಮಸಿಸ್ಟ್ ಇರಬೇಕು, ಫ್ರಿಜ್ ಬೇಕು. ಜಾಗವೇನೋ ಸಾಲುತ್ತಿತ್ತು. ಆದರೆ ಆ ವ್ಯಾಪಾರ ಡಾಕ್ಟರ ಚೀಟಿ ಹಿಂದೆ ಹೋಗುತ್ತದೆ. ಕ್ಲಿನಿಕ್ ಇರುವುದು ಬಸ್ ಸ್ಟಾಪಿನಲ್ಲಿ, ಅಲ್ಲೇ ಮೆಡಿಕಲ್ ಕೂಡ ಇದೆ.

ಹಾಗಾದರೆ ಮಿಲ್. ನಾವು ಆ ತೀರ್ಮಾನಕ್ಕೆ ಬರುವ ಹೊತ್ತಿಗೆ ಹುಣಸೂರು ಕಡೆಯ ಒಬ್ಬರು ಗೊತ್ತಾದರು. ವರ್ಷಗಟ್ಟಲೆ ಬೇರೆಯವರ ಮಿಲ್ಲಿನಲ್ಲಿ ದುಡಿದವರು, ಈಗ ಸ್ವಂತಕ್ಕೆ ಹಾಕಬೇಕು ಅಂತ ಆಸೆ. ಅವರು ಕೆಲಸ ಮಾಡುತ್ತಿದ್ದ ಜಾಗಕ್ಕೇ ಹೋಗಿ ನಾನೂ ಅತ್ತೆಯೂ ಒಂದು ಬೆಳಿಗ್ಗೆ ಕೂತು ನೋಡಿದೆವು. ಮೇಲಿನ ತೊಟ್ಟಿಗೆ ರಾಗಿ ಸುರಿದರು. ಕೆಳಗೆ ಬಾಯಿಗೆ ಉದ್ದನೆಯ ಬಟ್ಟೆಯ ಚೀಲ ಕಟ್ಟಿದ್ದರು, ಗಾಳಿ ತುಂಬಿಕೊಂಡು ಅದು ಉಬ್ಬುತ್ತಿತ್ತು. ಹಿಟ್ಟು ಬೀಳುತ್ತಿದ್ದಂತೆ ಕೈ ಒಡ್ಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಪಕ್ಕದ ತಿರುಪನ್ನು ಒಂಚೂರು ಬಿಗಿ ಮಾಡಿದರು. ಮತ್ತೆ ಉಜ್ಜಿದರು. ‘ಮುದ್ದೆಗೆ ಇಷ್ಟು ನುಣ್ಣಗೆ ಸಾಕು ಅಮ್ಮ, ರೊಟ್ಟಿಗಾದ್ರೆ ಇನ್ನೊಂಚೂರು ಬೇಕು’ ಅಂದರು. ಅತ್ತೆ ತಾವೂ ಕೈಯಲ್ಲಿ ಉಜ್ಜಿ ನೋಡಿ ತಲೆ ಆಡಿಸಿದರು. ಅತ್ತೆಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಕ್ಷಣದಲ್ಲಿ ಅಂತ ನನಗೆ ಅನ್ನಿಸುತ್ತದೆ.

ಅವರು ಹೇಳಿದ ಸಣ್ಣಪುಟ್ಟ ವಿಷಯಗಳು ನನಗೆ ಬಹಳ ಹಿಡಿಸಿದವು. ರಾಗಿ ಬೀಸಿದ ಮೇಲೆ ಗೋಧಿ ಹಾಕಿದರೆ ಮೊದಲ ಒಂದೆರಡು ಹಿಡಿ ಕಪ್ಪಗೆ ಬರುತ್ತದೆ, ಗಿರಾಕಿಗೆ ಬೇಜಾರು. ಅದಕ್ಕೆ ಬೆಳಿಗ್ಗೆ ಗೋಧಿ, ಅಕ್ಕಿ, ಮಧ್ಯಾಹ್ನದ ಮೇಲೆ ರಾಗಿ ಅಂತ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಹಿಟ್ಟು ಬಿಸಿ ಇರುವಾಗಲೇ ಡಬ್ಬದ ಮುಚ್ಚಳ ಹಾಕಬಾರದು, ಬೆವರಿ ಹುಳಿ ವಾಸನೆ ಬರುತ್ತದೆ. ಮನೆಗೆ ಹೋಗಿ ಪೇಪರ್ ಮೇಲೆ ಹರಡಿ ಆರಿಸಿ ತುಂಬಬೇಕು. ಕಲ್ಲು ಸವೆದರೆ ಬಿಚ್ಚಿ, ಉಳಿಯಿಂದ ಗೀರು ಕೊರೆದು ಮತ್ತೆ ಕೂರಿಸಬೇಕು. ಗೋಕುಲಾಷ್ಟಮಿ, ಗೌರಿ ಹಬ್ಬ ಹತ್ತಿರ ಬಂದರೆ ಚಕ್ಕುಲಿ ಹಿಟ್ಟಿಗೆ ಸಾಲು. ಬೇಸಿಗೆಯಲ್ಲಿ ಸಾರಿನ ಪುಡಿ, ಹುಳಿ ಪುಡಿ. ಮಳೆಗಾಲದಲ್ಲಿ ಕಾಳು ಒಣಗಿರುವುದಿಲ್ಲ, ಕೆಲಸ ಕಡಿಮೆ. ಇದೆಲ್ಲ ತಿಳಿದವರು ನಮ್ಮ ಬೀದಿಯಲ್ಲಿ ಇರಬೇಕು ಅಂತ ನನಗೆ ಆಸೆ ಹತ್ತಿತು.

ಆಸೆ ಸರಿ, ಲೆಕ್ಕ? ಜರ್ಮನಿಯ ಭೂಗೋಳ ಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಹೇಳಿದ ಒಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೊಂದು ಕಸುಬು ಬದುಕಬೇಕಾದರೆ ಸುತ್ತ ಇಂತಿಷ್ಟು ಜನ ಇರಲೇಬೇಕು. ಜನ ಒಂದೊಂದು ಸರಕಿಗೆ ಇಂತಿಷ್ಟು ದೂರವೇ ಹೋಗುತ್ತಾರೆ. ಇವೆರಡೂ ಹೊಂದಿದರೆ ಮಾತ್ರ ಅಂಗಡಿ ನಿಲ್ಲುತ್ತದೆ. ನಮ್ಮ ಮನೆಗೆ ನಡೆದು ಬರುವಷ್ಟು ದೂರದಲ್ಲಿ ಹೆಚ್ಚುಕಡಿಮೆ 300 ಮನೆ. ಅರ್ಧ ಮನೆಯವರು ತಿಂಗಳಿಗೆ 8 ಕೆ.ಜಿ. ಹಿಟ್ಟು ಮಾಡಿಸುತ್ತಾರೆ ಅಂತ ಇಟ್ಟುಕೊಂಡೆವು. 1,200 ಕೆ.ಜಿ. ಆಯಿತು, ದಿನಕ್ಕೆ 40. ಕೆ.ಜಿ.ಗೆ 8 ರೂಪಾಯಿ ಹಿಡಿದರೂ ತಿಂಗಳಿಗೆ 9,600. ನಾವು ಅಂದುಕೊಂಡಿದ್ದ ಬಾಡಿಗೆಗೇ ಸಾಲದು! ಏಳೂವರೆ ಎಚ್.ಪಿ. ಮೋಟಾರು ಪೂರ್ತಿ ಓಡಿದರೆ ಗಂಟೆಗೆ ಐದೂವರೆ ಯೂನಿಟ್ ಕರೆಂಟು. ತ್ರೀ ಫೇಸ್ ಸಂಪರ್ಕಕ್ಕೆ ಕರೆಂಟು ಕಂಪನಿ ಸೆಸ್ಕ್‌ಗೆ ಅರ್ಜಿ, ಪಾಲಿಕೆಯ ಉದ್ದಿಮೆ ಪರವಾನಗಿ, ಮಿಷಿನ್ ಸಾಲದ ಕಂತು ಬೇರೆ.

ಬೀದಿಗೆ ಬೇಕಾದ ಅಂಗಡಿ ಬೀದಿಯಿಂದಲೇ ಬದುಕುತ್ತದೆ ಅಂತ ಹೇಳಲು ಬರುವುದಿಲ್ಲ. ಈ ಬಡಾವಣೆಗಳಲ್ಲಿ ಮಿಲ್ಲು, ಚಪ್ಪಲಿ ಹೊಲಿಯುವವರು, ಮಿಕ್ಸಿ ರಿಪೇರಿಯವರು ಇಲ್ಲದೆ ಇರುವುದಕ್ಕೆ ಕಾರಣ ಜನಕ್ಕೆ ಬೇಡವಾಗಿರುವುದಲ್ಲ. ಅವರ ದುಡಿಮೆ ಈ ಬಾಡಿಗೆಯನ್ನು ಹೊರಲಾರದು. ಹಳೇ ಅಗ್ರಹಾರ, ಸಂತೆಪೇಟೆ ಕಡೆ ಇಂಥ ಕಸುಬುಗಳು ಇನ್ನೂ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಟಿಕೆಟ್ ಚಿಂತೆ ಇಲ್ಲದೆ ಬಸ್ಸಿನಲ್ಲಿ ಸಂತೆಪೇಟೆಗೂ ದೇವರಾಜ ಮಾರುಕಟ್ಟೆಗೂ ಹೋಗಿ ಬರುತ್ತಾರೆ. ಒಳ್ಳೆಯದೇ. ಆದರೆ 10 ಕೆ.ಜಿ. ಡಬ್ಬ ಹೊತ್ತು ಬಸ್ ಹತ್ತುವುದು ಬಿಟ್ಟಿ ಟಿಕೆಟ್‌ನಿಂದ ಹಗುರ ಆಗುವುದಿಲ್ಲ.

ಹುಣಸೂರಿನವರು ಒಂದು ದಾರಿ ಹೇಳಿದರು. ಬರೀ ಬೀಸುವ ಕೂಲಿ ನಂಬಿಕೊಂಡರೆ ಆಗುವುದಿಲ್ಲ. ಊರಿನಿಂದ ರಾಗಿ ತಂದು, ಕಲ್ಲು ಮಣ್ಣು ಆರಿಸಿ, ಗಿರಾಕಿ ಎದುರಿಗೇ ಬೀಸಿ ಕೊಡುವುದು. ಜೊತೆಗೆ ಹುರಿಹಿಟ್ಟು, ಅಕ್ಕಿ ಹಿಟ್ಟು, ಕಡಲೆ ಹಿಟ್ಟು. ಇದರಲ್ಲಿ ಉಳಿತಾಯ ಇದೆ, ಮನೆಯಲ್ಲಿ ರಾಗಿ ಇಲ್ಲದವರೂ ಬರುತ್ತಾರೆ. ನನಗೆ ಇದು ಸರಿ ಅನ್ನಿಸಿತು. ‘ಜೊತೆಗೆ ಖಾರದ ಪುಡಿ ಮಿಷಿನ್ನೂ ಇಡ್ತೀನಿ, ಅದ್ರಲ್ಲೇ ಅಮ್ಮ ದುಡ್ಡು’ ಅಂದರು. ಅಲ್ಲಿ ಸಿಕ್ಕಿಕೊಂಡಿತು.

ಪಕ್ಕದ ಮನೆಯ ಯಜಮಾನರಿಗೆ ದಮ್ಮು. ಮೆಣಸಿನಕಾಯಿ ಬೀಸಿದರೆ ಘಾಟು ಮೂರು ಮನೆ ತನಕ ಹೋಗುತ್ತದೆ. ಅವರೇ ಬಂದು ತುಂಬ ಸಮಾಧಾನವಾಗಿ ಹೇಳಿದರು: ‘ಮಿಲ್ ಹಾಕ್ಸಿ, ನಮಗೂ ಬೇಕು. ಖಾರದ್ದು ಮಾತ್ರ ಬೇಡ ಕಣಮ್ಮ, ಉಸಿರಾಡಕ್ಕಾಗಲ್ಲ.’ ಸದ್ದಿನ ಬಗ್ಗೆ ಮೋಟಾರಿಗೆ ರಬ್ಬರ್ ಪ್ಯಾಡ್, ಬೆಳಿಗ್ಗೆ 9ರಿಂದ 1, ಸಂಜೆ 4ರಿಂದ 7 ಅಂತ ಹೊತ್ತು ಕಟ್ಟಿ ಒಪ್ಪಂದಕ್ಕೆ ಬರಬಹುದು. ಉಸಿರಿನ ವಿಷಯದಲ್ಲಿ ಯಾವ ಒಪ್ಪಂದ? ನೂರು ಮನೆಗೆ ಅನುಕೂಲ ಅಂತ ಒಂದು ಮನೆಯವರು ಕಿಟಕಿ ಮುಚ್ಚಿಕೊಂಡು ಬದುಕಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆ ಮನೆಯೂ ಈ ಬೀದಿಯದ್ದೇ. ಅವರ ಹೆಂಡತಿಯೂ ರಾಗಿ ಡಬ್ಬ ಹಿಡಿದು ಬರುವವರೇ.

ಖಾರದ ಮಿಷಿನ್ ಬೇಡ ಅಂದರೆ ಹುಣಸೂರಿನವರ ಆದಾಯಕ್ಕೆ ಹೊಡೆತ. ಬೇಡ ಅಂದವರು ನಾವು, ಹೊಡೆತ ಅವರೊಬ್ಬರಿಗೇ ಬೀಳುವುದು ನ್ಯಾಯವೇ? ಮನೆಯಲ್ಲಿ ಇದರ ಬಗ್ಗೆ ಮಾತು ಜೋರಾಗಿಯೇ ನಡೆಯಿತು. ಅತ್ತೆಯೇ ಕೊನೆಗೆ ಒಂದು ಮಾತು ಹೇಳಿದರು: ಮೊದಲ ವರ್ಷ ಬಾಡಿಗೆ 6,500, ಅಡ್ವಾನ್ಸ್ ಅರ್ಧ. ವರ್ಷ ಆದಮೇಲೆ ಲೆಕ್ಕ ನೋಡಿ ಮಾತಾಡೋಣ. ಅದು ಅತ್ತೆಯ ದುಡ್ಡು, ಅವರ ಮಾತ್ರೆಯ ದುಡ್ಡು. ಅದಕ್ಕೇ ಆ ತೀರ್ಮಾನ ಅವರೇ ಮಾಡಬೇಕಿತ್ತು. ಖಾರದ ಪುಡಿಗೆ ನಮ್ಮವರು ಮೊದಲಿನ ಹಾಗೆ ಕುವೆಂಪುನಗರಕ್ಕೇ ಹೋಗುತ್ತಾರೆ. ವರ್ಷಕ್ಕೆ ಒಂದೆರಡು ಸಲದ ಕೆಲಸ ಅದು, ನಡೆಯುತ್ತದೆ. ರಾಗಿ ಹಾಗಲ್ಲ.

ಕಡಿಮೆಯಾದ ಬಾಡಿಗೆಯಲ್ಲಿ ಸ್ವಲ್ಪವನ್ನಾದರೂ ಇನ್ನೊಂದು ಶಟರ್ ತುಂಬಿಕೊಡಬೇಕು. ಅದಕ್ಕೂ ಜನ ಮನೆಯಿಂದ ಹೊತ್ತುಕೊಂಡು ಹೋಗುವ ಸಾಮಾನಿನ ಲೆಕ್ಕವನ್ನೇ ನೋಡಿದೆವು. ಸೀರೆ ಫಾಲ್, ಜಿಪ್, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಯೂನಿಫಾರಂ ಬಿಚ್ಚಿ ಹೊಲಿಯುವುದು. ಹೊಸ ಬ್ಲೌಸ್ ಹೊಲಿಯಲು ಟೈಲರ್‌ಗಳು ಬೇಕಾದಷ್ಟಿದ್ದಾರೆ. ಹಳೆಯದನ್ನು ಸರಿ ಮಾಡಿಕೊಡುವವರು ಸಿಗುವುದಿಲ್ಲ. ಹತ್ತಿರದಲ್ಲೇ ಮನೆಯ ಹಜಾರದಲ್ಲಿ ಮಿಷಿನ್ ಇಟ್ಟುಕೊಂಡು ಹೊಲಿಯುವ ಒಬ್ಬರು ಹೆಣ್ಣುಮಗಳು ಇದ್ದಾರೆ. ಬೀದಿಗೆ ಬಂದು ಕೂರಲು ಅವರಿಗೆ ಇಷ್ಟ ಇದೆ, ಪೂರ್ತಿ ಬಾಡಿಗೆ ಹೆದರಿಕೆ. ಅದೇ ಮಳಿಗೆಯ ಇನ್ನರ್ಧಕ್ಕೆ ಝೆರಾಕ್ಸ್, ಚಾರ್ಟ್ ಪೇಪರ್, ಪೆನ್ನು ಪುಸ್ತಕ ಇಡಲು ಅವರ ತಮ್ಮ ಒಪ್ಪಿದ್ದಾನೆ. ರಾತ್ರಿ ಎಂಟಕ್ಕೆ ‘ಅಮ್ಮಾ, ನಾಳೆ ಪ್ರಾಜೆಕ್ಟ್’ ಅಂತ ಮಗು ಹೇಳಿದಾಗ ಏನಾಗುತ್ತದೆ ಅಂತ ತಾಯಂದಿರಿಗೆ ಗೊತ್ತು. ಇಬ್ಬರೂ ಸೇರಿ 5,000 ಕೊಡುತ್ತಾರೆ.

ಮೀಟರ್ ಬೇರೆ ಮಾಡಿಸಬೇಕು, ಮಿಲ್ಲಿನ ಕಡೆ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕು. ಹಿಟ್ಟು ಹೊಲಿಗೆ ಬಟ್ಟೆ ಮೇಲೆ ಕೂರಬಾರದಲ್ಲ, ಅದಕ್ಕೆ ಎರಡೂ ಮಳಿಗೆ ನಡುವಿನ ವೆಂಟಿಲೇಟರ್ ಮುಚ್ಚಿಸುತ್ತಿದ್ದೇವೆ. ಹಿಂದಿನ ಬೀದಿಯ ಅಜ್ಜಿಯ ಮನೆಯಿಂದ ಡಬ್ಬ ತರಿಸಿ, ಹಿಟ್ಟು ಮಾಡಿ ವಾಪಸ್ ಕಳಿಸಲು ಮಿಲ್ಲಿನವರ ಮಗ ಒಪ್ಪಿಕೊಂಡಿದ್ದಾನೆ. ಅದಕ್ಕೆ ದುಡ್ಡು ಎಷ್ಟು ಅಂತ ಅಜ್ಜಿಯೂ ಅವನೂ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.